ರೋಮನರ ಊದುಗಾಜು ಮತ್ತು ದಖ್ಖಣದ ಬಳೆ

೧

‘ಕಲ್ಯಾಣ’ ಎಂಬ ಹೆಸರು ಕಿವಿಗೆ ಬಿದ್ದೊಡನೆ ಕನ್ನಡಿಗರ ಮನಸ್ಸು ಚಾಲುಕ್ಯ ವಿಕ್ರಮಾದಿತ್ಯನ ರಾಜಧಾನಿಯ ಕಡೆಗೆ, ಬಸವಣ್ಣನವರ ಕರ್ಮಭೂಮಿಯ ಕಡೆಗೆ ಹರಿಯುವುದು ಸಹಜ. ಆದರೆ ಆ ಕಲ್ಯಾಣಕ್ಕಿಂತ ಸುಮಾರು ಒಂದು ಸಾವಿರ ವರ್ಷಗಳಷ್ಟು ಹಿಂದೆಯೇ ಪಶ್ಚಿಮ ಸಮುದ್ರದ ನಾವಿಕರಿಗೆ ಮತ್ತೊಂದು ಕಲ್ಯಾಣದ ಪರಿಚಯವಿತ್ತು. ಉಲ್ಲಾಸ ನದಿಯ ದಡದಲ್ಲಿರುವ ಠಾಣೆ ಜಿಲ್ಲೆಯ ಕಲ್ಯಾಣವೇ ಅದು. ಕ್ರಿ. ಶ. ಒಂದನೆಯ ಶತಮಾನದ ಮಧ್ಯಭಾಗದಲ್ಲಿ ಗ್ರೀಕ್ ಭಾಷೆಯನ್ನಾಡುತ್ತಿದ್ದ ಹೆಸರು ತಿಳಿಯದ ವರ್ತಕನೊಬ್ಬನು ಬರೆದಿಟ್ಟ ‘ಎರಿತ್ರಿಯನ್ ಸಮುದ್ರದ ಪೆರಿಪ್ಲಸ್’ ಎಂಬ ಕೈಪಿಡಿಯಲ್ಲಿ ಇದು ‘ಕಲ್ಲಿಯೆನ’ ಎಂದು ಬಂದಿದೆ. ಹಿರಿಯ ಸರಗನಸನ ಕಾಲದಲ್ಲಿ ಇದು ವಿಧಿವತ್ತಾದ ವ್ಯಾಪಾರಸ್ಥಳವಾಗಿತ್ತೆಂದೂ, ಸಂದನೆಸನು ವಶಪಡಿಸಿಕೊಂಡ ಬಳಿಕ ಇಲ್ಲಿಯ ವ್ಯಾಪಾರಕ್ಕೆ ತಡೆಯುಂಟಾಯಿತೆಂದೂ, ಅಕಸ್ಮಾತ್ತಾಗಿ ಇಲ್ಲಿಗೆ ಬಂದ ಗ್ರೀಕ್ ಹಡಗುಗಳನ್ನು ಕಾವಲಿನೊಡನೆ ಭರುಕಚ್ಛಕ್ಕೆ ಕಳುಹಿಸುತ್ತಿದ್ದರೆಂದೂ ಗ್ರಂಥಕಾರನು ಹೇಳುತ್ತಾನೆ. ಸರಗನಸನೆಂದರೆ ಸಾತವಾಹನ ವಂಶದ ಶಾತಕರ್ಣಿಯೊಬ್ಬನೆಂಬುದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿರುವ ಮಾತು. ಕನ್ಹೇರಿಯ ಗುಹಾಶಾಸನಗಳಲ್ಲಿ ಕಲ್ಯಾಣದ ವರ್ತಕರು ದಾನಿಗಳಾಗಿ ಕಾಣಿಸಿಕೊಳ್ಳುವುದು ಈ ಪಟ್ಟಣದ ಅಂದಿನ ಸಂಪತ್ತಿಗೆ ಸಾಕ್ಷಿ.

ಇಂದು ಠಾಣೆಯ ಖಾರಿಯ ಪೂರ್ವದಂಡೆಯಲ್ಲಿ ತುರ್ಭೆಯೇ ಮೊದಲಾದ ಹಳೆಯ ಗ್ರಾಮಗಳು ನವೀ ಮುಂಬಯಿಯ ಭಾಗಗಳಾಗಿ, ಕಾರಖಾನೆಗಳ ಹಾಗೂ ಸಗಟು ಪೇಟೆಗಳ ನಡುವೆ ತಮ್ಮ ಹೆಸರುಗಳನ್ನು ಉಳಿಸಿಕೊಂಡಿವೆ. ಈ ಖಾರಿಯು ಠಾಣೆಯ ಬಳಿ ಉಲ್ಲಾಸ ನದಿಯ ಅಳಿವೆಯೊಡನೆ ಕೂಡುತ್ತದೆ. ಆದುದರಿಂದ ತುರ್ಭೆಯ ಪಕ್ಕದ ಈ ನೀರು ಕಲ್ಯಾಣದ ಹಳೆಯ ಜಲಮಾರ್ಗಗಳಿಗೆ ಸೇರಿದುದು. ಕಲ್ಯಾಣದಿಂದ ನಾಣೇಘಾಟದ ಕಣಿವೆಯನ್ನೇರಿದರೆ ಜುನ್ನರ, ಅಲ್ಲಿಂದಾಚೆ ಪೈಠಣ ಮತ್ತು ತಗರ. ತಗರವೆಂದರೆ ಇಂದಿನ ತೇರ್. ಮುಂದೆ ಉತ್ತರ ಕೊಂಕಣವನ್ನಾಳಿದ ಶಿಲಾಹಾರರು ತಮ್ಮನ್ನು ತಗರಪುರದ ಒಡೆಯರೆಂದು ಕರೆದುಕೊಂಡರು. ಹೀಗೆ ಕೊಂಕಣದ ಕಡಲಂಚಿಗೂ ದಖ್ಖಣದ ಒಳನಾಡಿಗೂ ಇದ್ದ ನಂಟು ಬಹು ಹಳೆಯದು.

ಈ ಪೆರಿಪ್ಲಸ್ ಗ್ರಂಥದ ಸರಕುಗಳ ಪಟ್ಟಿಗಳಲ್ಲಿ ಅಷ್ಟಾಗಿ ಯಾರ ಕಣ್ಣಿಗೂ ಬೀಳದ ಒಂದು ಅಂಶವಿದೆ. ಸಿಂಧೂ ನದಿಯ ಮುಖದಲ್ಲಿದ್ದ ಬಾರ್ಬರಿಕಕ್ಕೆ ಪಶ್ಚಿಮದಿಂದ ಬರುತ್ತಿದ್ದ ವಸ್ತುಗಳಲ್ಲಿ ಗಾಜಿನ ಪಾತ್ರೆಗಳಿವೆ. ಆದರೆ ದಖ್ಖಣದ ಸರಕು ಇಳಿಯುತ್ತಿದ್ದ ಭರುಕಚ್ಛದ ಪಟ್ಟಿಯಲ್ಲಿಯೂ ಕೇರಳದ ಮುಚಿರಿಯ ಪಟ್ಟಿಯಲ್ಲಿಯೂ ಪಾತ್ರೆಗಳಿಲ್ಲ. ಅವುಗಳ ಸ್ಥಾನದಲ್ಲಿ ‘ಕಚ್ಚಾ ಗಾಜು’ ಎಂದಿದೆ. ಊದಿ ಸಿದ್ಧಗೊಳಿಸಿದ ಬಟ್ಟಲುಗಳಿಗೆ ರೋಮನ್ ಜಗತ್ತು ಮಾರುಹೋಗಿದ್ದ ಕಾಲದಲ್ಲಿಯೇ, ವ್ಯಾಪಾರದ ಮರ್ಮವನ್ನರಿತ ವರ್ತಕನು ಈ ಬಂದರುಗಳಿಗೆ ಗಾಜಿನ ಗಟ್ಟಿಗಳನ್ನು ಕೊಂಡೊಯ್ಯಬೇಕೆಂದು ಬರೆಯುತ್ತಾನೆ. ಇದರ ಕಾರಣವೇನು? ಭಾರತದಲ್ಲಿ ಗಾಜಿನ ಪಾತ್ರೆ ಮಾಡುವ ಕಲೆ ಬೆಳೆಯಲಿಲ್ಲವೆಂದು ವಿಷಾದಿಸುವವರೂ, ನಮ್ಮಲ್ಲಿ ಎಲ್ಲವೂ ಇತ್ತೆಂದು ಹೆಮ್ಮೆಪಡುವವರೂ ಈ ಪ್ರಶ್ನೆಯನ್ನು ಒಂದೇ ರೀತಿಯಲ್ಲಿ ದಾಟಿಹೋಗಿದ್ದಾರೆ. ಇದಕ್ಕೆ ಉತ್ತರ ದೊರೆಯಬೇಕಾದರೆ ರೋಮನರ ಗಾಜು ಹೇಗೆ ತಯಾರಾಗುತ್ತಿತ್ತು ಎಂಬುದನ್ನೂ, ಅದೇ ಕಾಲದಲ್ಲಿ ನಮ್ಮ ಗಾಜುಗಾರನ ಕೈ ಏನನ್ನು ಮಾಡುತ್ತಿತ್ತು ಎಂಬುದನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವುದು ಅವಶ್ಯಕ.

೨

ಗಾಜಿನ ಮೂಲದ್ರವ್ಯಗಳು ಮೂರು: ಮರಳು, ಕ್ಷಾರ, ಸುಣ್ಣ. ಮರಳು ತಾನಾಗಿ ಕರಗಬೇಕಾದರೆ ೧೭೦೦ ಡಿಗ್ರಿಗಳಷ್ಟು ಶಾಖ ಬೇಕು. ಪ್ರಾಚೀನರ ಯಾವ ಕುಲುಮೆಯೂ ಆ ಶಾಖವನ್ನು ಮುಟ್ಟಲಾರದು. ಕ್ಷಾರವನ್ನು ಬೆರೆಸಿದರೆ ೧೧೦೦ ಡಿಗ್ರಿಗಳ ಆಸುಪಾಸಿನಲ್ಲಿಯೇ ಮಿಶ್ರಣವು ಕರಗುತ್ತದೆ. ಕ್ಷಾರ ಮಾತ್ರವೇ ಇದ್ದರೆ ಗಾಜು ನೀರಿಗೆ ಕರಗಿಹೋಗುವುದರಿಂದ ಅದನ್ನು ಗಟ್ಟಿಗೊಳಿಸಲು ಸುಣ್ಣದ ಅಂಶವಿರಬೇಕು. ರೋಮನರಿಗೆ ಕ್ಷಾರವು ಈಜಿಪ್ಟಿನ ವಾದಿ ನತ್ರೂನ್ ಎಂಬ ಸರೋವರ ಪ್ರದೇಶದಿಂದ ದೊರೆಯುತ್ತಿತ್ತು. ಇದಕ್ಕೆ ನೇಟ್ರಾನ್ ಎಂದು ಹೆಸರು. ಸುಣ್ಣವನ್ನು ಅವರು ಬೇರೆಯಾಗಿ ಸೇರಿಸಬೇಕಾಗಿರಲಿಲ್ಲ. ಪ್ಯಾಲೆಸ್ತೀನದ ಕರಾವಳಿಯಲ್ಲಿ ಬೇಲಸ್ ನದಿಯ ಮುಖದ ಮರಳಿನಲ್ಲಿ ಚಿಪ್ಪಿನ ಚೂರುಗಳು ಬೆರೆತಿದ್ದುದರಿಂದ ಸುಣ್ಣವು ತಾನಾಗಿಯೇ ಬಂದು ಸೇರುತ್ತಿತ್ತು. ಈ ಮರಳಿನ ಖ್ಯಾತಿಯನ್ನು ಕ್ರಿ. ಶ. ೭೯ರಲ್ಲಿ ಮಡಿದ ಹಿರಿಯ ಪ್ಲಿನಿಯು ತನ್ನ ‘ನಿಸರ್ಗ ಚರಿತ್ರೆ’ಯಲ್ಲಿ ವರ್ಣಿಸಿದ್ದಾನೆ.

ರೋಮನ್ ಗಾಜಿನ ಉದ್ಯಮವು ಎರಡು ಮೆಟ್ಟಲುಗಳಲ್ಲಿ ನಡೆಯುತ್ತಿತ್ತೆಂಬುದು ಇತ್ತೀಚಿನ ಸಂಶೋಧನೆಯಿಂದ ಸ್ಪಷ್ಟವಾಗಿದೆ. ಮೊದಲನೆಯದು ಗಾಜನ್ನು ಕರಗಿಸುವ ಕೆಲಸ. ಇದು ಮರಳೂ ಕ್ಷಾರವೂ ಸುಲಭವಾಗಿ ಒದಗುವ ಈಜಿಪ್ಟ್ ಮತ್ತು ಸಿರಿಯಾ–ಪ್ಯಾಲೆಸ್ತೀನ ತೀರಗಳಲ್ಲಿ, ತೊಟ್ಟಿಯಂತಹ ದೊಡ್ಡ ಕುಲುಮೆಗಳಲ್ಲಿ ನಡೆಯುತ್ತಿತ್ತು. ಬೇರೂತ್ ನಗರದಲ್ಲಿ ಅಂತಹ ರೋಮನ್ ಕಾಲದ ತೊಟ್ಟಿಗಳು ಉತ್ಖನನದಲ್ಲಿ ದೊರೆತಿವೆ. ದಿನಗಟ್ಟಲೆ ಉರಿಸಿ, ಆರಿದ ಮೇಲೆ ತೊಟ್ಟಿಯ ಗಾಜನ್ನು ಒಡೆದು ಗಟ್ಟಿಗಳನ್ನಾಗಿ ಮಾಡಿ ದೇಶದೇಶಗಳಿಗೆ ಕಳುಹಿಸುತ್ತಿದ್ದರು. ಎರಡನೆಯದು ಈ ಗಟ್ಟಿಗಳನ್ನು ಮರಳಿ ಕಾಯಿಸಿ ಪಾತ್ರೆಗಳನ್ನು ರೂಪಿಸುವ ಕೆಲಸ. ಇದಕ್ಕೆ ಸಣ್ಣ ಕುಲುಮೆ ಸಾಕು. ಸಾಮ್ರಾಜ್ಯದ ಯಾವ ಊರಿನಲ್ಲಾದರೂ ಇದನ್ನು ನಡೆಸಬಹುದಾಗಿತ್ತು. ಪೆರಿಪ್ಲಸ್ ಹೇಳುವ ಕಚ್ಚಾ ಗಾಜು ಇಂತಹ ಗಟ್ಟಿಗಳೇ ಎಂಬುದರಲ್ಲಿ ಸಂದೇಹವಿಲ್ಲ.

ಊದುವ ವಿಧಾನವು ಹುಟ್ಟುವ ಮೊದಲು ಗಾಜಿನ ಪಾತ್ರೆಯು ಶ್ರಮಸಾಧ್ಯವಾದ ವಸ್ತುವಾಗಿತ್ತು. ಕಡ್ಡಿಯ ತುದಿಗೆ ಮಣ್ಣಿನ ತಿರುಳನ್ನು ಮೆತ್ತಿ, ಅದರ ಸುತ್ತ ಕರಗಿದ ಗಾಜನ್ನು ಹೊದಿಸಿ, ಆರಿದ ಮೇಲೆ ಮಣ್ಣನ್ನು ಕೆರೆದು ತೆಗೆಯುವುದು ಒಂದು ಕ್ರಮ. ಗಾಜಿನ ಬಿಲ್ಲೆಯನ್ನು ಅಚ್ಚಿನ ಮೇಲೆ ಬಾಗಿಸಿ, ಬಳಿಕ ಸಾಣೆಹಿಡಿದು ಬಟ್ಟಲನ್ನು ಮಾಡುವುದು ಇನ್ನೊಂದು ಕ್ರಮ. ಹೊರಮೈಯಲ್ಲಿ ಏಣುಗಳಿರುವ ಬಟ್ಟಲುಗಳು ಈ ಎರಡನೆಯ ವರ್ಗಕ್ಕೆ ಸೇರಿದುವು.

ಊದುವಿಕೆಯ ಆರಂಭವನ್ನು ತೋರಿಸುವ ಅತ್ಯಂತ ಹಳೆಯ ಸಾಕ್ಷ್ಯವು ಜೆರೂಸಲೇಮಿನಲ್ಲಿ ದೊರೆಯಿತು. ಆ ನಗರದ ಯೆಹೂದ್ಯರ ಕೇರಿಯಲ್ಲಿ ನಾಹ್ಮನ್ ಅವಿಗದ್ ಎಂಬ ವಿದ್ವಾಂಸನು ನಡೆಸಿದ ಉತ್ಖನನದಲ್ಲಿ, ಕ್ರಿ. ಪೂ. ೫೦ರ ಸುಮಾರಿಗೆ ಸೇರಿದ ಗಾಜಿನ ಕಾರ್ಖಾನೆಯ ಕಸದ ರಾಶಿಯೊಂದು ಹೊರಬಿತ್ತು. ಅದರಲ್ಲಿ ಕಬ್ಬಿಣದ ಊದುಗೊಳವೆ ಇರಲಿಲ್ಲ. ಇದ್ದುದು ಗಾಜಿನದೇ ಆದ ಸಣ್ಣ ಕೊಳವೆಗಳು. ಕೆಲವು ಕೊಳವೆಗಳ ಒಂದು ತುದಿಯನ್ನು ಕಾಯಿಸಿ ಮುಚ್ಚಿ, ಇನ್ನೊಂದು ತುದಿಯಿಂದ ಉಸಿರು ತುಂಬಿ ಉಬ್ಬಿಸಲಾಗಿತ್ತು. ಊದಿದ ಗಾಜಿನ ಮೊದಲ ಪಾಠವು ಹೀಗೆ ಗಾಜಿನ ಕೊಳವೆಯಿಂದಲೇ ಆರಂಭವಾಯಿತು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದಕ್ಕೆ ಪ್ರಯೋಜನವಿದೆ.

ಕಬ್ಬಿಣದ ಕೊಳವೆಯು ಬಳಕೆಗೆ ಬಂದ ಮೇಲೆ ಕೆಲಸದ ಕ್ರಮವು ಸ್ಥಿರಗೊಂಡಿತು. ಗಾಜುಗಾರನು ಕೊಳವೆಯ ತುದಿಯನ್ನು ಮೂಸೆಯಲ್ಲಿ ಅದ್ದಿ, ಜೇನಿನಂತೆ ಅಂಟುವ ಗಾಜನ್ನು ಸುತ್ತಿ ತೆಗೆಯುತ್ತಾನೆ. ಅದನ್ನು ನುಣುಪಾದ ಕಲ್ಲಿನ ಮೇಲೆ ಉರುಳಿಸಿ ಸಮಗೊಳಿಸುತ್ತಾನೆ. ಬಳಿಕ ಮೆಲ್ಲನೆ ಊದುತ್ತಾನೆ, ಗುಳ್ಳೆಯೊಂದು ಹುಟ್ಟುತ್ತದೆ. ಕೊಳವೆಯನ್ನು ಸತತವಾಗಿ ತಿರುಗಿಸದಿದ್ದರೆ ಗಾಜು ಒಂದು ಕಡೆಗೆ ಜೋತುಬೀಳುತ್ತದೆ. ಕೊಳವೆಯನ್ನು ಕೆಳಮುಖವಾಗಿ ತೂಗಿದರೆ ಕತ್ತು ನೀಳವಾಗುತ್ತದೆ. ಮೇಲ್ಮುಖವಾಗಿ ಹಿಡಿದರೆ ಗುಳ್ಳೆಯು ಅಗಲವಾಗುತ್ತದೆ. ಚಿಮಟದಿಂದ ಕತ್ತನ್ನು ಹಿಸುಕುವುದು, ತಳವನ್ನು ಒತ್ತಿ ಚಪ್ಪಟೆಗೊಳಿಸುವುದು, ನಡುನಡುವೆ ಬೆಂಕಿಗೆ ಹಿಡಿದು ಮೆದುಗೊಳಿಸುವುದು, ಇವೆಲ್ಲ ಕೆಲವೇ ನಿಮಿಷಗಳಲ್ಲಿ ಮುಗಿಯಬೇಕು. ಕೊನೆಗೆ ಪಾತ್ರೆಯ ತಳಕ್ಕೆ ಇನ್ನೊಂದು ಕಬ್ಬಿಣದ ಸಲಾಕೆಯನ್ನು ಅಂಟಿಸಿ, ಊದುಗೊಳವೆಯಿಂದ ಬಿಡಿಸಿ, ತೆರೆದ ಬಾಯನ್ನು ಬೆಂಕಿಗೆ ಹಿಡಿದು ದುಂಡಗೆ ಮಾಡುತ್ತಾರೆ. ಸಲಾಕೆಯನ್ನು ಮುರಿದ ಗುರುತು ಅನೇಕ ಹಳೆಯ ಪಾತ್ರೆಗಳ ತಳದಲ್ಲಿ ಇಂದಿಗೂ ಗಾಯದ ಕಲೆಯಂತೆ ಕಾಣುತ್ತದೆ. ಸಿದ್ಧವಾದ ಪಾತ್ರೆಯನ್ನು ತಕ್ಷಣ ಗಾಳಿಗೆ ಇಟ್ಟರೆ ಹೊರಮೈ ಬೇಗನೆ, ಒಳಮೈ ನಿಧಾನವಾಗಿ ಆರಿ ಅದು ಸಿಡಿಯುತ್ತದೆ. ಆದುದರಿಂದ ಬೆಚ್ಚಗಿನ ಗೂಡಿನಲ್ಲಿಟ್ಟು ಗಂಟೆಗಟ್ಟಲೆ ಮೆಲ್ಲನೆ ಆರಿಸಬೇಕು. ಡಾಲ್ಮೇಶಿಯದ ಅಸ್ಸೇರಿಯಾದಲ್ಲಿ ದೊರೆತ ಒಂದನೆಯ ಶತಮಾನದ ಮಣ್ಣಿನ ಹಣತೆಯೊಂದರ ಮೇಲೆ ಸಣ್ಣ ಕುಲುಮೆಯ ಮುಂದೆ ಕುಳಿತು ಊದುತ್ತಿರುವ ಗಾಜುಗಾರನ ಚಿತ್ರವಿದೆ. ಇಷ್ಟು ದೊಡ್ಡ ಉದ್ಯಮವು ಎಷ್ಟು ಸಣ್ಣ ಸಲಕರಣೆಯಿಂದ ನಡೆಯುತ್ತಿತ್ತೆಂಬುದಕ್ಕೆ ಅದೇ ನಿದರ್ಶನ.

ಅಚ್ಚಿನೊಳಗೆ ಊದುವ ಕ್ರಮವು ಬೇಗನೆ ಬಳಕೆಗೆ ಬಂದಿತು. ಅಲಂಕಾರಗಳನ್ನು ಕೊರೆದ ಅಚ್ಚಿನೊಳಗೆ ಗುಳ್ಳೆಯನ್ನು ಇಳಿಸಿ ಊದಿದರೆ ಆಕಾರವೂ ಚಿತ್ತಾರವೂ ಒಂದೇ ಉಸಿರಿನಲ್ಲಿ ಮೂಡುತ್ತವೆ. ಒಂದನೆಯ ಶತಮಾನದ ಪೂರ್ವಾರ್ಧದಲ್ಲಿ ಎನ್ನಿಯನ್ ಎಂಬ ಕುಶಲಿಯು ತನ್ನ ಪಾತ್ರೆಗಳ ಮೇಲೆ ‘ಎನ್ನಿಯನ್ ಮಾಡಿದ್ದು’ ಎಂಬ ಅರ್ಥದ ಗ್ರೀಕ್ ಅಕ್ಷರಗಳನ್ನು ಮೂಡಿಸಿದನು. ಸರಕಿನ ಮೇಲೆ ತಯಾರಕನ ಹೆಸರನ್ನು ಒತ್ತುವ ಈ ಪದ್ಧತಿಯು ವಾಣಿಜ್ಯದ ಇತಿಹಾಸದಲ್ಲಿ ಗಮನಾರ್ಹವಾದುದು.

ಈ ಹೊಸ ವಿಧಾನದ ಫಲವು ಬೆಲೆಯಲ್ಲಿ ಕಾಣಿಸಿಕೊಂಡಿತು. ಆಗಸ್ಟಸನ ಕಾಲದ ಭೂಗೋಳಕಾರನಾದ ಸ್ಟ್ರಾಬೋ ರೋಮಿನಲ್ಲಿ ಗಾಜಿನ ಬಟ್ಟಲನ್ನು ಒಂದು ತಾಮ್ರದ ನಾಣ್ಯಕ್ಕೆ ಕೊಳ್ಳಬಹುದೆಂದು ತಿಳಿಸುತ್ತಾನೆ. ಕ್ರಿ. ಶ. ೩೦೧ರಲ್ಲಿ ಡಯೊಕ್ಲಿಶಿಯನ್ ಚಕ್ರವರ್ತಿಯು ಹೊರಡಿಸಿದ ಬೆಲೆಗಳ ಶಾಸನವು ಇನ್ನೂ ಹೆಚ್ಚಿನ ವಿವರವನ್ನು ಕೊಡುತ್ತದೆ. ಅಲೆಕ್ಸಾಂಡ್ರಿಯದ ಕಚ್ಚಾ ಗಾಜಿಗೆ ರಾತಲಿಗೆ ೨೪ ದಿನಾರಿ, ಅದರ ಸಾದಾ ಪಾತ್ರೆಗಳಿಗೆ ೩೦. ಯೆಹೂದ್ಯ ದೇಶದ ಹಸುರು ಛಾಯೆಯ ಕಚ್ಚಾ ಗಾಜಿಗೆ ೧೩, ಅದರ ಪಾತ್ರೆಗಳಿಗೆ ೨೦. ಈ ಅಂಕಿಗಳನ್ನು ಲೆಕ್ಕದ ದೃಷ್ಟಿಯಿಂದ ನೋಡಿದರೆ ಊದುಗಾರನ ಕೂಲಿ, ಸೌದೆ, ಲಾಭಗಳೆಲ್ಲವೂ ಸೇರಿ ರಾತಲಿಗೆ ಕೇವಲ ೬ ಅಥವಾ ೭ ದಿನಾರಿಗಳಾದುವು. ಬೆಲೆಯ ಹೆಚ್ಚಿನ ಪಾಲು ಕಚ್ಚಾ ದ್ರವ್ಯದಲ್ಲಿತ್ತು, ಕೈಗೆಲಸದಲ್ಲಿರಲಿಲ್ಲ. ಉಸಿರು ಅಗ್ಗವಾಗಿತ್ತು, ಗಾಜು ತುಟ್ಟಿಯಾಗಿತ್ತು. ಅದರಿಂದಲೇ ಒಡೆದ ಗಾಜಿಗೂ ಬೆಲೆಯಿತ್ತು. ಟೈಬರ್ ನದಿಯಾಚೆಯಿಂದ ಬಂದು ಗಂಧಕದ ಕಡ್ಡಿಗಳನ್ನು ಕೊಟ್ಟು ಗಾಜಿನ ಚೂರುಗಳನ್ನು ಕೊಳ್ಳುವ ತಿರುಗು ವ್ಯಾಪಾರಿಯನ್ನು ಕವಿ ಮಾರ್ಷಲನು ತನ್ನ ಪರಿಹಾಸದ ಪದ್ಯವೊಂದರಲ್ಲಿ ನೆನೆದಿದ್ದಾನೆ.

೩

ಇಂತಹ ಪಾತ್ರೆಗಳು ಭಾರತದ ಕಡೆಗೆ ಬರಲೇ ಇಲ್ಲವೆಂದು ಭಾವಿಸಲಾಗದು. ಅಫಘಾನಿಸ್ತಾನದ ಬೆಗ್ರಾಮಿನಲ್ಲಿ ೧೯೩೭ ಮತ್ತು ೧೯೩೯ರಲ್ಲಿ ಫ್ರೆಂಚ್ ಪುರಾತತ್ತ್ವಜ್ಞರು ಹೊರತೆಗೆದ ನಿಧಿಯಲ್ಲಿ ಬಣ್ಣದ ಚಿತ್ರಗಳಿರುವ ಲೋಟಗಳೂ ಮೀನಿನಾಕಾರದ ಊದಿದ ಸೀಸೆಗಳೂ ಇವೆ. ತಕ್ಷಶಿಲೆಯ ಸಿರ್ಕಪ್ ನೆಲೆಯಲ್ಲಿ ಊದಿದ ಸೀಸೆಗಳು ದೊರೆತಿವೆ. ಪುದುಚ್ಚೇರಿಯ ಬಳಿಯ ಅರಿಕಮೇಡಿನಲ್ಲಿ ೧೯೪೫ರಲ್ಲಿ ವೀಲರ್ ನಡೆಸಿದ ಉತ್ಖನನದಲ್ಲಿ ಏಣುಬಟ್ಟಲಿನ ಚೂರುಗಳು ಸಿಕ್ಕಿದುವು. ಮುಚಿರಿಯ ನೆಲೆಯೆಂದು ಬಹುಮಂದಿ ಒಪ್ಪುವ ಕೇರಳದ ಪಟ್ಟಣಂನಲ್ಲಿ ೨೦೦೭ರಿಂದ ನಡೆದ ಉತ್ಖನನಗಳಲ್ಲಿಯೂ ಅಂತಹವು ದೊರೆತಿವೆ. ಆದರೆ ಬಂದರುಗಳನ್ನು ಬಿಟ್ಟು ಒಳನಾಡಿಗೆ ಬಂದಂತೆ ಚಿತ್ರವು ಬದಲಾಗುತ್ತದೆ.

ಕರ್ನಾಟಕಕ್ಕೆ ರೋಮಿನ ಸಂಪರ್ಕವಿತ್ತೆಂಬುದು ನಿರ್ವಿವಾದ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ೧೯೨೯ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ ೧೯೪೭ರಲ್ಲಿ ವೀಲರ್ ಅವರೂ ನಡೆಸಿದ ಶೋಧಗಳಿಂದ ಆಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿಯ ನಾಣ್ಯಗಳು ಬೆಳಕಿಗೆ ಬಂದಿವೆ. ಬೆಂಗಳೂರಿನ ಯಶವಂತಪುರದಲ್ಲಿ ೧೮೯೧ರಲ್ಲಿಯೂ, ಅದೇ ನಗರದ ವಿಮಾನ ನಿಲ್ದಾಣದ ಬಳಿ ೧೯೬೫ರಲ್ಲಿಯೂ ರೋಮನ್ ನಾಣ್ಯಗಳ ನಿಧಿಗಳು ದೊರೆತುವು. ಕೊಲ್ಲಾಪುರದ ಬ್ರಹ್ಮಪುರಿ ದಿಬ್ಬದಲ್ಲಿ ೧೯೪೦ರ ದಶಕದ ಮಧ್ಯಭಾಗದಲ್ಲಿ ರೋಮನ್ ಕಂಚಿನ ವಸ್ತುಗಳ ನಿಧಿಯೊಂದು, ಅದರೊಳಗೆ ಸಮುದ್ರದೇವತೆಯಾದ ಪೊಸೈಡನನ ಸುಂದರವಾದ ಪುಟ್ಟ ವಿಗ್ರಹವೊಂದು ದೊರೆಯಿತು. ಕನ್ನಡದ ಹಿರಿಯ ವಿದ್ವಾಂಸರಾದ ಕೆ. ಜಿ. ಕುಂದಣಗಾರರ ಹೆಸರು ಈ ಶೋಧದೊಡನೆ ಸೇರಿಕೊಂಡಿರುವುದು ಕನ್ನಡಿಗರಿಗೆ ಅಭಿಮಾನದ ವಿಷಯ. ಹೀಗೆ ಬೆಳ್ಳಿ ಬಂದಿತು, ಕಂಚು ಬಂದಿತು. ಊದಿದ ಗಾಜಿನ ಪಾತ್ರೆಯಾದರೋ ಈ ನೆಲೆಗಳ ಹೆಗ್ಗುರುತಾಗಲಿಲ್ಲ. ಅದೇ ಸಾತವಾಹನ ಕಾಲದ ಸ್ತರಗಳಲ್ಲಿ, ಬ್ರಹ್ಮಗಿರಿಯಲ್ಲಿಯೂ ಚಂದ್ರವಳ್ಳಿಯಲ್ಲಿಯೂ, ಗಾಜು ಬೇರೆ ಎರಡು ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆ: ಮಣಿ ಮತ್ತು ಬಳೆ.

ಹಾಗೆಂದು ಗಾಜನ್ನು ಮಾಡುವ ವಿದ್ಯೆಯೇ ಇಲ್ಲಿರಲಿಲ್ಲವೆಂದು ತಿಳಿಯುವುದು ತಪ್ಪು. ಶತಪಥ ಬ್ರಾಹ್ಮಣದಲ್ಲಿ ‘ಕಾಚ’ ಶಬ್ದವಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಇದೆ. ಭಾರತದ ಗಾಜನ್ನು ಒಡೆದ ಸ್ಫಟಿಕದಿಂದ ಮಾಡುತ್ತಾರಾದ ಕಾರಣ ಅದಕ್ಕೆ ಸಾಟಿಯಿಲ್ಲವೆಂದು ಹೇಳುವ ಗ್ರಂಥಕಾರರಿದ್ದಾರೆಂದು ಪ್ಲಿನಿಯೇ ಬರೆದಿದ್ದಾನೆ. ರಸಾಯನಶಾಸ್ತ್ರದ ಪರೀಕ್ಷೆಯೂ ಇದನ್ನು ಬೆಂಬಲಿಸುತ್ತದೆ. ರೋಮನ್ ಗಾಜಿನಲ್ಲಿ ಅಲ್ಯೂಮಿನದ ಅಂಶ ಸಾಮಾನ್ಯವಾಗಿ ಶೇಕಡಾ ೨ರಿಂದ ೩ರಷ್ಟು, ಸುಣ್ಣದ ಅಂಶ ೭ರಿಂದ ೮ರಷ್ಟು. ದಕ್ಷಿಣ ಭಾರತದ ಬಹಳಷ್ಟು ಹಳೆಯ ಗಾಜಿನಲ್ಲಿ ಸುಣ್ಣ ಕಡಮೆ. ಅಲ್ಯೂಮಿನವು ಶೇಕಡಾ ೫ಕ್ಕೂ ಮೇಲೆ, ಕೆಲವೊಮ್ಮೆ ೧೦ನ್ನೂ ಮೀರುತ್ತದೆ. ನಮ್ಮ ಬಯಲುನೆಲದ ಚೌಳು ಮಣ್ಣಿನ ಕ್ಷಾರವನ್ನೂ ಕಣಶಿಲೆಯಿಂದ ಸವೆದುಬಂದ ಮರಳನ್ನೂ ಬಳಸಿ ಮಾಡಿದ ಗಾಜಿನ ಗುಣವಿದು. ಈ ವ್ಯತ್ಯಾಸದಿಂದಲೇ ಇಂದು ಒಂದು ಚೂರನ್ನು ಪರೀಕ್ಷಿಸಿ ಅದರ ಗಾಜು ಮೆಡಿಟರೇನಿಯನ್ ತೀರದ್ದೋ ಈ ನೆಲದ್ದೋ ಎಂದು ಹೇಳಲು ಸಾಧ್ಯವಾಗಿದೆ. ಈ ವಿಷಯವನ್ನು ಸಮಗ್ರವಾಗಿ ಬರೆದ ಮೊದಲಿಗರಲ್ಲಿ ಒಬ್ಬರು ಡಾ. ಮೋರೇಶ್ವರ ಗಂಗಾಧರ ದೀಕ್ಷಿತರು. ಅವರ ‘ಭಾರತೀಯ ಗಾಜಿನ ಇತಿಹಾಸ’ವನ್ನು ಮುಂಬಯಿ ವಿಶ್ವವಿದ್ಯಾನಿಲಯವು ೧೯೬೯ರಲ್ಲಿ ಪ್ರಕಟಿಸಿತು.

೪

ಈಗ ನಮ್ಮ ಗಾಜುಗಾರನ ಕೈಯನ್ನು ನೋಡಬೇಕು. ಅರಿಕಮೇಡಿನಲ್ಲಿ ಏಣುಬಟ್ಟಲಿನ ಚೂರುಗಳು ಕೈಬೆರಳುಗಳಲ್ಲಿ ಎಣಿಸುವಷ್ಟಾದರೆ, ಸಣ್ಣ ಗಾಜಿನ ಮಣಿಗಳು ಅಸಂಖ್ಯ. ಇವು ಕೆಂಪು, ಹಳದಿ, ಹಸುರು, ನೀಲಿ, ಕಪ್ಪು ಬಣ್ಣದವು. ಇಲ್ಲಿಂದ ಆಗ್ನೇಯ ಏಷ್ಯಾದವರೆಗೂ ಹರಡಿದುವು. ಇವುಗಳ ತಯಾರಿಕೆಯ ಕ್ರಮವು ಆಂಧ್ರದ ಕಾಳಹಸ್ತಿಯ ಸಮೀಪದ ಪಾಪನಾಯುಡುಪೇಟೆಯಲ್ಲಿ ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಜೀವಂತವಾಗಿತ್ತು. ಮಣಿಗಳ ಸಂಶೋಧಕನಾದ ಪೀಟರ್ ಫ್ರಾನ್ಸಿಸ್ ಅದನ್ನು ಕಣ್ಣಾರೆ ಕಂಡು ವರ್ಣಿಸಿದ್ದಾನೆ. ಕಬ್ಬಿಣದ ಉದ್ದನೆಯ ಕೊಳವೆಯೊಂದರ ತುದಿಗೆ ಕರಗಿದ ಗಾಜಿನ ದೊಡ್ಡ ಮುದ್ದೆಯನ್ನು ಕೂಡಿಸುತ್ತಾರೆ. ಕೊಳವೆಯೊಳಗಿನಿಂದ ಸಲಾಕೆಯನ್ನು ತೂರಿಸಿ ಮುದ್ದೆಯ ನಡುವೆ ರಂಧ್ರವನ್ನು ಕೊರೆಯುತ್ತಾರೆ. ಆ ಬಳಿಕ ಕುಲುಮೆಯ ಎದುರು ಭಾಗದಿಂದ ಕೊಕ್ಕೆಯೊಂದನ್ನು ಹಾಕಿ ಮುದ್ದೆಯ ತುದಿಯನ್ನು ಎಳೆಯುತ್ತಾರೆ. ಎಳೆದಂತೆಲ್ಲ ಒಳಗಿನ ರಂಧ್ರವೂ ಉದ್ದವಾಗುತ್ತ, ಗಾಜು ಟೊಳ್ಳಾದ ಸಣ್ಣ ನಳಿಕೆಯಾಗಿ ಹೊರಬರುತ್ತದೆ. ಅದನ್ನು ತುಂಡರಿಸಿ, ಬೂದಿಯೊಡನೆ ಬಿಸಿಮಾಡಿ ಅಂಚುಗಳನ್ನು ಮೆದುಗೊಳಿಸಿದರೆ ಮಣಿಗಳು ಸಿದ್ಧ.

ಬಳೆಯ ಕ್ರಮ ಬೇರೆ. ಕರಗಿದ ಗಾಜಿನ ಬಿಲ್ಲೆಯನ್ನು ಸಲಾಕೆಯಿಂದ ತೆಗೆದು, ನಡುವೆ ಚುಚ್ಚಿ ಸಣ್ಣ ಉಂಗುರವನ್ನಾಗಿ ಮಾಡುತ್ತಾರೆ. ಅದನ್ನು ಶಂಕುವಿನಾಕಾರದ ಮಣ್ಣಿನ ಅಚ್ಚಿಗೆ ತೊಡಿಸಿ, ಬೆಂಕಿಯ ಮುಂದೆ ವೇಗವಾಗಿ ತಿರುಗಿಸುತ್ತಾರೆ. ತಿರುಗುವ ರಭಸಕ್ಕೂ ಕಬ್ಬಿಣದ ಅಲಗಿನ ಒತ್ತಡಕ್ಕೂ ಉಂಗುರವು ಅಚ್ಚಿನ ಅಗಲವಾದ ಕಡೆಗೆ ಜಾರುತ್ತ ಹಿಗ್ಗುತ್ತದೆ. ಬೇಕಾದ ಅಳತೆಗೆ ಬಂದೊಡನೆ ಕಳಚಿ ತೆಗೆದರೆ ಬೆಸುಗೆಯಿಲ್ಲದ ಬಳೆ. ಇದರಲ್ಲಿಯೂ ಕೆಲಸವು ಕ್ಷಣಗಳದು. ಕೈ ತಪ್ಪಿದರೆ ಗಾಜು ಹಾಳು.

ಈ ಕಸುಬಿನ ಪ್ರತ್ಯಕ್ಷ ವರ್ಣನೆ ಕರ್ನಾಟಕದಿಂದಲೇ ದೊರೆಯುತ್ತದೆ. ೧೮೦೦–೦೧ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಂದಿನ ಚಿತ್ರದುರ್ಗ ಜಿಲ್ಲೆಯ ಮತ್ತೋಡಿನ ಬಳೆಗಾರರ ಕುಲುಮೆಗಳನ್ನು ನೋಡಿ ಬರೆದಿಟ್ಟಿದ್ದಾನೆ. ಅವರು ಅಪಾರದರ್ಶಕವಾದ ಐದು ಬಣ್ಣಗಳ ಗಾಜನ್ನು ಮಾಡುತ್ತಿದ್ದರು. ಕ್ಷಾರವೂ ಬಿಳಿಯ ಕಲ್ಲೂ ಹತ್ತಿರದ ನೆಲದಿಂದಲೇ ದೊರೆಯುತ್ತಿದ್ದುವು. ಚಂದ್ರವಳ್ಳಿ, ಬ್ರಹ್ಮಗಿರಿ, ಮತ್ತೋಡು ಮೂರೂ ಒಂದೇ ಸೀಮೆಗೆ ಸೇರಿದ ಊರುಗಳೆಂಬುದನ್ನು ಇಲ್ಲಿ ಗಮನಿಸಬೇಕು. ಸಾತವಾಹನರ ಕಾಲಕ್ಕೂ ಬುಕಾನನನ ಕಾಲಕ್ಕೂ ನಡುವೆ ಕಸುಬು ಎಡೆಬಿಡದೆ ನಡೆಯಿತೆಂದು ಇದರಿಂದ ಸಾಧಿಸಲಾಗದಿದ್ದರೂ, ಆ ನೆಲದ ಬೇಡಿಕೆಯು ಬದಲಾಗಿರಲಿಲ್ಲವೆಂದು ಹೇಳಬಹುದು. ಬ್ರಹ್ಮಪುರಿಯ ಬಹಮನಿ ಕಾಲದ ಸ್ತರಗಳಲ್ಲಿ ಸಾಂಕಳಿಯಾ ಮತ್ತು ದೀಕ್ಷಿತರಿಗೆ ಹೇರಳವಾಗಿ ದೊರೆತುದೂ ಬಣ್ಣಬಣ್ಣದ ಬಳೆಗಳೇ.

೫

ಈಗ ಜೆರೂಸಲೇಮಿನ ಕಸದ ರಾಶಿಯನ್ನೂ ಅರಿಕಮೇಡಿನ ಮಣಿಗಳನ್ನೂ ಒಟ್ಟಿಗೆ ನೆನೆಯಬೇಕು. ಎರಡು ಕಡೆಯೂ ಗಾಜುಗಾರನ ಕೈಯಲ್ಲಿದ್ದುದು ಬಿಸಿಯಾದ, ಟೊಳ್ಳಾದ ಗಾಜಿನ ನಳಿಕೆಯೇ. ಒಬ್ಬನು ಅದರ ತುದಿಯನ್ನು ಮುಚ್ಚಿ ಊದಿದನು, ಅದು ಸೀಸೆಯಾಯಿತು. ಇನ್ನೊಬ್ಬನು ಅದನ್ನು ಎಳೆದು ತುಂಡರಿಸಿದನು; ಅದು ಮಣಿಯಾಯಿತು. ನಮ್ಮವನ ಕೈಯಲ್ಲಿ ಕಬ್ಬಿಣದ ಕೊಳವೆಯೂ ಇದ್ದಿತು. ಹೀಗಿರಲಾಗಿ ಊದುವ ಕಲೆ ಇಲ್ಲಿ ಬೇರೂರದಿದ್ದುದಕ್ಕೆ ಅಜ್ಞಾನವು ಕಾರಣವೆಂಬ ವಾದವು ನಿಲ್ಲುವುದಿಲ್ಲ.

ಬಾಯಿಂದ ಊದಿದ ಪಾತ್ರೆಯು ಎಂಜಲೆಂದು ನಮ್ಮವರು ಅದನ್ನು ತೊರೆದರೆಂಬ ಸಮಾಧಾನವೂ ಮನಸ್ಸಿಗೆ ಬರಬಹುದು. ಮಡಿಮೈಲಿಗೆಯ ಎಣಿಕೆಯು ಊಟದ ಪಾತ್ರೆಗಳ ಆಯ್ಕೆಯಲ್ಲಿ ಪ್ರಬಲವಾಗಿತ್ತೆಂಬುದು ನಿಜ. ಆದರೆ ಅಕ್ಕಸಾಲಿಗನು ಊದುಗೊಳವೆಯಿಂದ ಊದಿಯೇ ದೇವರ ಒಡವೆಗಳನ್ನು ಬೆಸೆದನು. ಶಂಖವನ್ನು ಊದಿಯೇ ಪೂಜೆ ನಡೆಯಿತು. ಉಸಿರು ತಾಕಿದುದೆಲ್ಲ ತ್ಯಾಜ್ಯವೆಂಬ ನಿಯಮವು ಈ ನೆಲದಲ್ಲಿ ಎಂದೂ ಇರಲಿಲ್ಲ. ಆದುದರಿಂದ ಈ ಕಾರಣವೊಂದೇ ಸಾಲದು.

ಬಲವಾದ ಕಾರಣವು ಮನೆಯ ಲೆಕ್ಕದಲ್ಲಿದೆ. ಪಾತ್ರೆಯಿಂದ ದಖ್ಖಣದ ಗೃಹಸ್ಥನು ಎರಡರಲ್ಲಿ ಒಂದನ್ನು ಬಯಸಿದನು. ಅದು ಎಸೆಯುವಷ್ಟು ಅಗ್ಗವಾಗಿರಬೇಕು, ಇಲ್ಲವೇ ಮುರಿದರೂ ಬೆಲೆ ಉಳಿಯಬೇಕು. ಮೊದಲನೆಯದಕ್ಕೆ ಕುಂಬಾರನ ಕುಡಿಕೆಯೂ ಮುತ್ತುಗದ ಎಲೆಯೂ ಇದ್ದುವು. ಎರಡನೆಯದಕ್ಕೆ ಕಂಚು, ತಾಮ್ರ, ಹಿತ್ತಾಳೆಗಳಿದ್ದುವು. ಲೋಹದ ಚೆಂಬು ಬಳಕೆಯ ವಸ್ತುವೂ ಹೌದು, ಉಳಿತಾಯವೂ ಹೌದು. ಕಷ್ಟಕಾಲದಲ್ಲಿ ಅದನ್ನು ಅಡವಿಡಬಹುದು, ತೂಕಕ್ಕೆ ಮಾರಬಹುದು. ಗಾಜಿನ ಬಟ್ಟಲು ಈ ಎರಡು ಪಂಕ್ತಿಗಳಲ್ಲಿ ಯಾವುದಕ್ಕೂ ಸೇರಲಿಲ್ಲ. ರೋಮಿನಲ್ಲಿ ಅದು ಒಂದು ತಾಮ್ರದ ನಾಣ್ಯಕ್ಕೆ ದೊರೆಯುತ್ತಿದ್ದರೂ ಸಮುದ್ರವನ್ನು ದಾಟಿ, ಘಟ್ಟವನ್ನೇರಿ, ಒಡೆಯದೆ ತಗರವನ್ನು ತಲಪುವಷ್ಟರಲ್ಲಿ ಕುಡಿಕೆಗಿಂತ ಎಷ್ಟೋ ಪಾಲು ತುಟ್ಟಿಯಾಗುತ್ತಿತ್ತು. ಒಡೆದರೆ ಚೂರಿಗೆ ಕಂಚಿನ ಬೆಲೆಯೂ ಇರಲಿಲ್ಲ. ಗಟ್ಟಿಯಾದರೋ ಒಡೆದರೂ ಗಟ್ಟಿಯೇ.

ಬಳೆಯ ಸಂಗತಿ ಇದಕ್ಕೆ ವಿರುದ್ಧ. ಅದು ಒಡೆಯುವುದೇ ಕಸುಬಿನ ಬಾಳಿಗೆ ಆಧಾರ. ಮುತ್ತೈದೆಯ ಕೈ ಬರಿದಾಗಿರಕೂಡದೆಂಬ ಸಂಪ್ರದಾಯವಿರುವ ನಾಡಿನಲ್ಲಿ ಒಡೆದ ಬಳೆಯ ಸ್ಥಾನಕ್ಕೆ ಹೊಸ ಬಳೆ ಬರಲೇಬೇಕು. ಮದುವೆ, ಸೀಮಂತ, ಜಾತ್ರೆ, ಹಬ್ಬಗಳ ಪಂಚಾಂಗವೇ ಬಳೆಗಾರನ ಪೇಟೆಯ ಪಂಚಾಂಗ. ಯಾವ ಕುಶಲಿಯಾದರೂ ತನ್ನ ಬೆಂಕಿಯನ್ನು ಖಚಿತವಾದ ಬೇಡಿಕೆ ಇರುವ ಕಡೆಗೆ ತಿರುಗಿಸುತ್ತಾನೆ. ಮಣಿ ಮತ್ತು ಬಳೆಗಳಿಗೆ ಬೇಕಾದುದು ಗಾಜಿನ ದ್ರವ್ಯ. ಅದನ್ನೇ ಪೆರಿಪ್ಲಸಿನ ವರ್ತಕನು ಹಡಗಿನಲ್ಲಿ ತುಂಬಿದನು. ಭರುಕಚ್ಛದ ಪಟ್ಟಿಯಲ್ಲಿರುವ ‘ಕಚ್ಚಾ ಗಾಜು’ ಎಂಬ ಮಾತು ನಮ್ಮ ಕೊರತೆಯ ಸೂಚನೆಯಲ್ಲ, ನಮ್ಮ ಕುಶಲಿಯ ಬೇಡಿಕೆಯ ಸೂಚನೆ.

ಕನ್ನಡ ಭಾಷೆಯೂ ಇದಕ್ಕೆ ಸಾಕ್ಷಿ ನುಡಿಯುತ್ತದೆ. ‘ಗಾಜು’ ಎಂಬುದು ಸಂಸ್ಕೃತದ ‘ಕಾಚ’ದ ತದ್ಭವವಾಗಿ ಬಹು ಹಿಂದೆಯೇ ಮನೆಮಾತಾಯಿತು. ಮಣಿ, ಬಳೆ, ಬಳೆಗಾರ ಎಂಬ ಮಾತುಗಳೂ ಹಾಗೆಯೇ ಹಳೆಯವು. ಆದರೆ ಊದಿದ ಪಾತ್ರೆಗಳ ಹೆಸರುಗಳನ್ನು ನೋಡಿದರೆ, ‘ಸೀಸೆ’ ಪಾರಸಿಯ ಮೂಲದಿಂದ ಬಂದಿತು. ‘ಬಾಟಲಿ’, ‘ಗ್ಲಾಸು’ ಐರೋಪ್ಯರಿಂದ ಬಂದುವು. ಯಾವ ವಸ್ತು ಯಾವ ಕಾಲದಲ್ಲಿ ಮನೆಯೊಳಗೆ ಬಂದಿತೆಂಬುದನ್ನು ಅದರ ಹೆಸರೇ ಹೇಳುತ್ತದೆ.

೬

ಊದುವ ಕಲೆಯು ಪಾರಸಿಕ ಸಂಸ್ಕೃತಿಯ ಪ್ರಭಾವದಿಂದ ಗುಲಾಬಿದಾನಿ, ಹುಕ್ಕಾ, ಅತ್ತರಿನ ಸೀಸೆಗಳಿಗೆ ಬೇಡಿಕೆ ಹುಟ್ಟಿದ ಮೇಲೆ ಉತ್ತರ ಭಾರತದಲ್ಲಿ ನೆಲೆಗೊಂಡಿತು. ಪಶ್ಚಿಮ ದಖ್ಖಣದಲ್ಲಿ ಅದು ಆಧುನಿಕ ಉದ್ಯಮವಾಗಿ ಕಾಲಿಟ್ಟುದು ಸ್ವದೇಶಿ ಚಳವಳಿಯ ಕಾಲದಲ್ಲಿ. ಅಂತಾಜಿ ದಾಮೋದರ ಕಾಳೆ ಎಂಬುವರು ಜನರಿಂದ ಒಂದೊಂದು ಪೈಸೆಯನ್ನು ಕೂಡಿಸಿ ಕಟ್ಟಿದ ‘ಪೈಸಾ ಫಂಡ್’ ನಿಧಿಗೆ ಲೋಕಮಾನ್ಯ ತಿಲಕರ ಬೆಂಬಲ ದೊರೆತು, ೧೯೦೮ರಲ್ಲಿ ಪುಣೆಯ ಸಮೀಪದ ತಳೇಗಾಂವದಲ್ಲಿ ಗಾಜಿನ ಕಾರಖಾನೆಯು ಆರಂಭವಾಯಿತು. ೧೯೧೬ರಲ್ಲಿ ಕರಾಡದ ಬಳಿ ಓಗಲೆ ಬಂಧುಗಳ ಕಾರಖಾನೆಯು ಹುಟ್ಟಿತು. ಅವರ ‘ಪ್ರಭಾಕರ’ ಕಂದೀಲು ಮನೆಮನೆಗಳನ್ನು ಬೆಳಗಿತು. ಕಂದೀಲಿನ ಚಿಮಣಿ, ಔಷಧದ ಸೀಸೆ ಇವು ಕುಡಿಕೆಯಿಂದಲೂ ಕಂಚಿನಿಂದಲೂ ಆಗದ ಕೆಲಸಗಳು. ಬೇಡಿಕೆಯು ಬದಲಾದೊಡನೆ ಕೆಲಸಗಾರರು ಕೊಳವೆಯನ್ನು ಹಿಡಿದು ಊದಲು ಕಲಿತರು. ಎರಡು ಸಾವಿರ ವರ್ಷಗಳ ಕಾಲ ಬಾರದಿದ್ದ ವಿದ್ಯೆಯು ಕೆಲವೇ ವರ್ಷಗಳಲ್ಲಿ ಬಂದಿತೆಂದರೆ, ತಡೆಯಾಗಿದ್ದುದು ಕೈಯ ಅಸಾಮರ್ಥ್ಯವಲ್ಲವೆಂಬುದಕ್ಕೆ ಬೇರೆ ಪ್ರಮಾಣ ಬೇಕಾಗಿಲ್ಲ.

ಇತಿಹಾಸದಲ್ಲಿ ಇಲ್ಲದ ವಸ್ತುವನ್ನು ಕೊರತೆಯೆಂದು ಓದುವ ಅಭ್ಯಾಸವು ಸುಲಭವಾದುದು, ಅಪಾಯಕರವಾದುದು. ಉತ್ಖನನದಲ್ಲಿ ಸಿಕ್ಕ ಊದುಗಾಜಿನ ಒಂದು ಚೂರಿಗೆ ವಸ್ತುಸಂಗ್ರಹಾಲಯದಲ್ಲಿ ಪ್ರತ್ಯೇಕ ಪೆಟ್ಟಿಗೆಯೂ ಹೆಸರಿನ ಚೀಟಿಯೂ ದೊರೆಯುತ್ತವೆ. ಅದೇ ಗುಂಡಿಯಲ್ಲಿ ಸಿಕ್ಕ ನೂರು ಬಳೆಚೂರುಗಳು ಬಹಳ ವೇಳೆ ಚೀಲವೊಂದರಲ್ಲಿ ಉಳಿಯುತ್ತವೆ. ಮೊದಲನೆಯದು ವ್ಯಾಪಾರದ ಕತೆಯನ್ನು ಹೇಳಿದರೆ, ಎರಡನೆಯದು ಇಲ್ಲಿಯ ಕುಶಲಿಯ, ಅವನಿಂದ ಕೊಂಡು ತೊಟ್ಟ ಹೆಂಗಸರ ಕತೆಯನ್ನು ಹೇಳುತ್ತದೆ. ಬಳೆಚೂರುಗಳ ರಾಸಾಯನಿಕ ಪರೀಕ್ಷೆಯು ಕರ್ನಾಟಕದ ನೆಲೆಗಳಲ್ಲಿ ವಿಸ್ತಾರವಾಗಿ ನಡೆದರೆ, ಭರುಕಚ್ಛದಲ್ಲಿಳಿದ ಪಶ್ಚಿಮದ ಗಾಜಿನ ಗಟ್ಟಿಗಳು ಎಷ್ಟರಮಟ್ಟಿಗೆ ದಖ್ಖಣದ ಬಳೆಗಳಲ್ಲಿ ಕರಗಿ ಸೇರಿದುವೆಂಬುದನ್ನು ನಿರ್ಣಯಿಸುವುದು ಸಾಧ್ಯ. ಅದು ಮುಂದಿನ ಸಂಶೋಧಕರು ಕೈಗೊಳ್ಳಬೇಕಾದ ಕಾರ್ಯ.

ಇಂದು ನವೀ ಮುಂಬಯಿಯ ತ್ಯಾಜ್ಯವೆಲ್ಲ ಬಂದು ಸೇರುವ ನೆಲೆ ತುರ್ಭೆಯಲ್ಲಿದೆ. ಔಷಧದ ಸೀಸೆ, ಪಾನೀಯದ ಬಾಟಲಿ, ಒಡೆದ ಬಳೆ ಎಲ್ಲವೂ ನಗರದ ಕಸದಲ್ಲಿ ಒಂದಾಗುತ್ತವೆ. ಬೀದಿಯ ಗುಜರಿ ವ್ಯಾಪಾರಿಯು ಮಾರ್ಷಲನು ಕಂಡ ಟೈಬರಿನಾಚೆಯ ವ್ಯಾಪಾರಿಯಂತೆಯೇ ಗಾಜನ್ನು ತೂಕಕ್ಕೆ ಕೊಂಡು ಮರಳಿ ಕುಲುಮೆಗೆ ಕಳುಹಿಸುತ್ತಾನೆ. ಅಲ್ಲಿ ಕರಗಿದ ಮೇಲೆ ಊದಿದ ಗಾಜು ಯಾವುದು, ತಿರುಗಿಸಿ ಬಳೆ ಮಾಡಿದ ಗಾಜು ಯಾವುದು ಎಂಬ ಭೇದ ಉಳಿಯುವುದಿಲ್ಲ. ಆ ಭೇದವು ಗಾಜಿನಲ್ಲಿ ಎಂದೂ ಇರಲಿಲ್ಲ. ಅದನ್ನು ಕೊಳ್ಳುವವರ ಬಾಳಿನ ಕ್ರಮದಲ್ಲಿತ್ತು.